ಇಂಗ್ಲೆಂಡಿನಲ್ಲಿ ಆರೋಗ್ಯ ಸಿಬ್ಬಂದಿಗೆ ಕೋವಿಡ್ ಲಸಿಕೆ ಕಡ್ಡಾಯ ಮಾಡಿ, ಆಮೇಲೆ ಯಾಕೆ ಕೈಬಿಟ್ಟರು?

ಮುಖ್ಯವಾಗಿ ಕೊರೊನಾದ ಓಮಿಕ್ರಾನ್ ತಳಿಯಿಂದ. ಜೊತೆಗೆ ಸಿಬ್ಬಂದಿ ಕೊರತೆಯ ಭಯವೂ ಇತ್ತು.

2021ರ ನವೆಂಬರ್ 11ರಿಂದ ಅಲ್ಲಿನ ಕೇರ್ ಹೋಮ್ (ವಯಸ್ಸಾದವರು, ಆರೈಕೆ ಬೇಕಾದವರು ಇರುವ ವಸತಿ) ಸಿಬ್ಬಂದಿಗೆ ಎರಡು ಡೋಸ್ ಕಡ್ಡಾಯವಾಯಿತು. ವೈದ್ಯಕೀಯ ಕಾರಣ ಇದ್ದವರಿಗೆ ವಿನಾಯಿತಿ ಇತ್ತು. ಮೊದಲ ಅಲೆಯಲ್ಲಿ ಎಷ್ಟೊಂದು ವಯಸ್ಸಾದವರು ಈ ಹೋಮ್‌ಗಳಲ್ಲೇ ತೀರಿಕೊಂಡಿದ್ದರು ಅಲ್ವಾ, ಹಾಗಾಗಿ ನಿಯಮ ಸುಮ್ನೆ ಬಂದದ್ದಲ್ಲ. ಆದರೆ ಅದು ಮೊದಲೇ ಸಂಬಳ ಕಡಿಮೆ ಇರುವ, ಜನ ಸಿಗದ ಕೆಲಸ. ಸಾವಿರಾರು ಮಂದಿ ಬಿಟ್ಟುಹೋದರು.

ರೋಗಿಗಳನ್ನು ನೇರವಾಗಿ ನೋಡಿಕೊಳ್ಳುವ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಸಿಬ್ಬಂದಿಗೆ ಇದೇ ನಿಯಮ 2022ರ ಏಪ್ರಿಲ್ 1ರಿಂದ ಬರಬೇಕಿತ್ತು. ಅಷ್ಟರಲ್ಲಿ ಓಮಿಕ್ರಾನ್ ಹಬ್ಬಿತು. ಅದರ ತೀವ್ರತೆ ಹಿಂದಿನ ಡೆಲ್ಟಾ ತಳಿಗಿಂತ ಕಡಿಮೆ. ಎರಡು ಡೋಸ್ ಹಾಕಿಸಿಕೊಂಡವರಿಂದಲೂ ಅದು ಹರಡುತ್ತಿತ್ತು. ಸಿಬ್ಬಂದಿಯಿಂದ ರೋಗಿಗೆ ಸೋಂಕು ತಗುಲಬಾರದು ಅನ್ನುವುದೇ ಕಡ್ಡಾಯಕ್ಕೆ ದೊಡ್ಡ ಆಧಾರವಾಗಿತ್ತು. ಅದೇ ಸಡಿಲವಾಯಿತು. ಮಾರ್ಚ್ 15ಕ್ಕೆ ಎರಡೂ ಕಡೆಯ ನಿಯಮ ರದ್ದಾಯಿತು.

ರದ್ದು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಹಾಗಂತ ಲಸಿಕೆ ಬೇಡ ಅಂತಲ್ಲ. ತೀವ್ರ ಕಾಯಿಲೆಯಿಂದ ಅದು ಸಿಬ್ಬಂದಿಯನ್ನು ಆಗಲೂ ಚೆನ್ನಾಗಿಯೇ ಕಾಪಾಡುತ್ತಿತ್ತು. ಹಿಂಜರಿಯುವ ನರ್ಸ್ ಜೊತೆ ಕೂತು, ಅವರ ಭಯ ಏನೆಂದು ಕೇಳಿ, ಉತ್ತರ ಕೊಡಬೇಕಿತ್ತು. ಕೆಲಸ ಕಿತ್ತುಕೊಂಡರೆ ಆ ವಾರ್ಡಿನ ರೋಗಿಗೂ ನಷ್ಟವೇ.