ಮೆಲ್ಬರ್ನ್‌ನಲ್ಲಿ ಸಾಂಬಾರು ಪುಡಿ ಮಾರುವ ಮುಂಚೆ: ಹೆಸರು, ನಂಬರು, ತೆರಿಗೆ

ತಂಗೀ, ನಿಮ್ಮ ಪ್ರಶ್ನೆ ಓದಿದೆ. ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದೆ, ಕಂಪನಿಯೇ ಸ್ಪಾನ್ಸರ್ ಮಾಡುತ್ತಿದೆ, ಅವರ ಜೊತೆ ನೀವೂ ಹೊರಡುತ್ತಿದ್ದೀರಿ. ಮೈಸೂರಿನ ಅಗ್ರಹಾರದಲ್ಲಿ ನಿಮ್ಮ ಅಮ್ಮ ಮಾರುವ ಸಾಂಬಾರು ಪುಡಿ, ರಸಂ ಪುಡಿಯನ್ನು ಅಲ್ಲೂ ಮಾಡಿ ಮಾರಬೇಕು ಅಂತ ಆಸೆ. ಅಮ್ಮನ ಲೈಸೆನ್ಸು, ಅಮ್ಮನ ಬ್ರ್ಯಾಂಡ್ ಹೆಸರು ಅಲ್ಲಿ ನಡೆಯುತ್ತಾ, ತೆರಿಗೆ ಹೇಗೆ ಅಂತ ಕೇಳಿದ್ದೀರಿ. ನಾನು ಮಂಡ್ಯದವಳು. ಮೆಲ್ಬರ್ನ್‌ನಲ್ಲಿ ನೆಲೆಸಿ ಬಹಳ ವರ್ಷ ಆಯಿತು, ಅಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ನಡೆಸುತ್ತೇನೆ. ಈಗ ಅಮ್ಮನ ಮನೆಗೆ ಬಂದಿದ್ದೇನೆ, ಬಿಡುವಿದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಸ್ವಂತ ಹೆಸರು. ಇದನ್ನು ಮೈಸೂರು ಬಿಡುವ ಮುಂಚೆಯೇ ನೋಡಿಕೊಳ್ಳಿ. ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಕೆ.ಆರ್. ಸವಿತಾ ಅನ್ನುವವರೊಬ್ಬರು ಅಂದುಕೊಳ್ಳಿ. ‘ಕೆ’ ಅಂದರೆ ಕಿಕ್ಕೇರಿ, ‘ಆರ್’ ಅಂದರೆ ಅಪ್ಪ ರಾಮೇಗೌಡರು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಇಲ್ಲಿ ಹೇಗೋ ನಡೆಯುತ್ತದೆ. ಅಲ್ಲಿ ತೆರಿಗೆ ನಂಬರು, ಬ್ಯಾಂಕು, ವ್ಯಾಪಾರದ ನೋಂದಣಿ ಎಲ್ಲವೂ ಒಂದನ್ನೊಂದು ತಾಳೆ ನೋಡುತ್ತವೆ. ಪಾಸ್‌ಪೋರ್ಟಿನಲ್ಲಿ ಇರುವುದೇ ನಿಮ್ಮ ಹೆಸರು. ಬದಲಾಯಿಸುವುದಿದ್ದರೆ ವೀಸಾಗೆ ಅರ್ಜಿ ಹಾಕುವ ಮುಂಚೆ ಮಾಡಿಸಿ. ಇದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. 2017ರಲ್ಲಿ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು.

ಇನ್ನು ವ್ಯಾಪಾರ ಯಾರ ಹೆಸರಲ್ಲಿ? ನಿಮ್ಮ ಹೆಸರಲ್ಲೇ ಇರಲಿ. ಸ್ಪಾನ್ಸರ್ ವೀಸಾದಲ್ಲಿ ಬಂದವರು ಆ ಕಂಪನಿಗೆ ಮಾತ್ರ ದುಡಿಯಬೇಕು, ಪಕ್ಕದಲ್ಲಿ ಸ್ವಂತ ವ್ಯಾಪಾರ ಮಾಡುವ ಹಾಗಿಲ್ಲ. ಜೊತೆಗೆ ಬಂದ ಹೆಂಡತಿಗೆ ಆ ಕಟ್ಟು ಇಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅದಕ್ಕೆ ಆರುನೂರು ಡಾಲರ್ ಆಸುಪಾಸು ಕಟ್ಟಬೇಕು, ವರ್ಷವರ್ಷ ಬೇರೆ ಶುಲ್ಕ. ನಾಲ್ಕು ಮನೆಗೆ ಪುಡಿ ಮಾರುವವರಿಗೆ ಅದು ಸುಮ್ನೆ ಭಾರ. ‘ಸೋಲ್ ಟ್ರೇಡರ್’ ಆಗಿ, ಅಂದರೆ ಕಂಪನಿ ಇಲ್ಲದೆ ನೀವೊಬ್ಬರೇ ಮಾಲೀಕರಾಗಿ ಶುರು ಮಾಡಿ. ಅದಕ್ಕೆ ಬೇಕಾದದ್ದು ಎಬಿಎನ್ (ಆಸ್ಟ್ರೇಲಿಯನ್ ಬಿಸಿನೆಸ್ ನಂಬರ್) ಅನ್ನುವ 11 ಅಂಕಿಯ ನಂಬರು. ಸರ್ಕಾರದ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ಸೈಟುಗಳೆಲ್ಲ ಖಾಸಗಿ ದಲ್ಲಾಳಿಗಳದ್ದು.

ಈ ನಂಬರು ಬಿಲ್ಲಿನ ಮೇಲೆ ಇರಲೇಬೇಕು. ಇಂಡಿಯನ್ ಕಿರಾಣಿ ಅಂಗಡಿಯೊಂದಕ್ಕೆ ಸಾವಿರ ಡಾಲರಿನ ಪುಡಿ ಹಾಕಿದಿರಿ ಅನ್ನಿ. ಎಬಿಎನ್ ಕೊಡದಿದ್ದರೆ ಅಂಗಡಿಯವರು ಶೇಕಡಾ 47, ಅಂದರೆ 470 ಡಾಲರ್ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ಅವರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ, ಕಾನೂನೇ ಹಾಗಿದೆ.

ಅಮ್ಮನ ಬ್ರ್ಯಾಂಡ್ ವಿಷಯ. ಇಲ್ಲಿನ ಆಹಾರ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಟ್ರೇಡ್‌ಮಾರ್ಕ್ ಕೂಡ ಆಯಾ ದೇಶಕ್ಕೆ ಮಾತ್ರ. ನಿಮ್ಮದೇ ಪೂರ್ತಿ ಹೆಸರಲ್ಲಿ ಮಾರಿದರೆ ಹೆಸರು ನೋಂದಾಯಿಸಬೇಕಿಲ್ಲ. ಅದಕ್ಕೆ ‘ಫುಡ್ಸ್’ ಅಂತ ಬಾಲ ಸೇರಿಸಿದರೂ ಬಿಸಿನೆಸ್ ನೇಮ್ ನೋಂದಣಿ ಬೇಕು. ಅದನ್ನು ನೋಡಿಕೊಳ್ಳುವುದು ಎಎಸ್‌ಐಸಿ ಅನ್ನುವ ಸರ್ಕಾರಿ ಸಂಸ್ಥೆ. ವರ್ಷಕ್ಕೆ 45 ಡಾಲರ್ ಆಸುಪಾಸು, ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಸ್ವಲ್ಪ ಕಡಿಮೆ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ನೋಂದಣಿ ಆದ ಮಾತ್ರಕ್ಕೆ ಆ ಹೆಸರು ನಿಮ್ಮ ಸ್ವತ್ತು ಆಗುವುದಿಲ್ಲ. ಬೇರೆಯವರು ಆ ಹೆಸರಿಗೆ ಟ್ರೇಡ್‌ಮಾರ್ಕ್ ಪಡೆದಿದ್ದರೆ ನಿಮ್ಮನ್ನೇ ನಿಲ್ಲಿಸಬಹುದು. ಹಾಗಾಗಿ ಲೇಬಲ್ ಅಚ್ಚು ಹಾಕಿಸುವ ಮುಂಚೆ ಅಲ್ಲಿನ ಟ್ರೇಡ್‌ಮಾರ್ಕ್ ಕಚೇರಿಯಾದ ಐಪಿ ಆಸ್ಟ್ರೇಲಿಯಾದ ಪಟ್ಟಿಯಲ್ಲಿ ಹುಡುಕಿ, ಅದೂ ಉಚಿತ. ಹೆಸರಿನಲ್ಲಿ ‘ಮೈಸೂರು’ ಇರಲಿ ಅನ್ನುವ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಊರಿನ ಹೆಸರು ಎಲ್ಲರಿಗೂ ಸೇರಿದ್ದು ನೋಡಿ, ಬರೀ ‘ಮೈಸೂರು ಮಸಾಲ’ ಅಂದರೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಅಮ್ಮನ ಹೆಸರು ಮುಂದಿರಲಿ, ಮೈಸೂರು ಅದರ ಹಿಂದೆ ಬರಲಿ. ನನಗೆ ಕೇಳಿದರೆ ಅದೇ ಚೆಂದ.

ಹೆಸರು ನೋಂದಣಿ ಆದಮೇಲೆ ನವೀಕರಣ ಅಂತ ಯಾರ್‍ಯಾರೋ ಜಾಸ್ತಿ ದುಡ್ಡಿನ ಬಿಲ್ ಕಳಿಸುತ್ತಾರೆ. ಕಟ್ಟಬೇಡಿ, ಎಎಸ್‌ಐಸಿ ಸೈಟಿನಲ್ಲೇ ನೋಡಿ.

ಈಗ ತೆರಿಗೆ. ಅಲ್ಲಿ ಲೆಕ್ಕದ ವರ್ಷ ಜುಲೈ 1ರಿಂದ ಜೂನ್ 30. ರಿಟರ್ನ್ಸ್ ನೀವೇ ಹಾಕುವುದಾದರೆ ಅಕ್ಟೋಬರ್ 31 ಕೊನೆ. ಸೋಲ್ ಟ್ರೇಡರ್‌ಗೆ ವ್ಯಾಪಾರದ ಲಾಭವೇ ಸ್ವಂತ ಆದಾಯ. ತೆರಿಗೆ ಲೆಕ್ಕಕ್ಕೆ ಅಲ್ಲಿನ ನಿವಾಸಿ ಆದವರಿಗೆ 18,200 ಡಾಲರ್ ತನಕ ತೆರಿಗೆ ಇಲ್ಲ. ವರ್ಷದ ಮಧ್ಯೆ ಹೋಗಿ ಇಳಿಯುವವರಿಗೆ ಮೊದಲ ವರ್ಷ ಈ ಮಿತಿ ಸ್ವಲ್ಪ ಕಡಿಮೆ. ಇದು ಹೊಸಬರಿಗೆ ಗೊತ್ತೇ ಇರುವುದಿಲ್ಲ.

ಜಿಎಸ್‌ಟಿ ಶೇಕಡಾ 10. ವಹಿವಾಟು 75,000 ಡಾಲರ್ ಮುಟ್ಟಿದರೆ 21 ದಿನದೊಳಗೆ ನೋಂದಾಯಿಸಬೇಕು, ಅಲ್ಲಿವರೆಗೆ ಕಡ್ಡಾಯವಲ್ಲ. ನೋಂದಣಿ ಇಲ್ಲದೆ ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ನಿಮಗೆ ಇನ್ನೊಂದು ಅನುಕೂಲ ಇದೆ. ಅಕ್ಕಿ, ಬೇಳೆ, ಮಸಾಲೆ ಪುಡಿಯಂಥ ಅಡುಗೆ ಸಾಮಾನಿಗೆ ಅಲ್ಲಿ ಜಿಎಸ್‌ಟಿಯೇ ಇಲ್ಲ. ಬಿಸಿ ಊಟ ಮಾರಿದರೆ, ಕೇಟರಿಂಗ್ ಮಾಡಿದರೆ ಇದೆ. ಅಂದರೆ ಪುಡಿ ಮಾತ್ರ ಮಾರುವವರು ತಾವಾಗಿಯೇ ನೋಂದಾಯಿಸಿಕೊಂಡರೆ ಗಿರಾಕಿಗೆ ಬೆಲೆ ಏರಿಸಬೇಕಿಲ್ಲ, ಬಾಟಲಿ, ಲೇಬಲ್, ಗ್ರೈಂಡರಿಗೆ ಕೊಟ್ಟ ಜಿಎಸ್‌ಟಿ ವಾಪಸ್ ಬರುತ್ತದೆ. ಬದಲಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು, ವ್ಯಾಪಾರ ಸೊನ್ನೆ ಆಗಿದ್ದರೂ. ಗ್ರೈಂಡರ್ ತೆಗೆದುಕೊಳ್ಳುವ ಮುಂಚೆ ಈ ಲೆಕ್ಕ ಹಾಕಿ ನೋಡಿ.

ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ. ಬಂದ ದುಡ್ಡಿನಲ್ಲಿ ನಾಲ್ಕನೇ ಒಂದು ಭಾಗ ತೆರಿಗೆಗೆ ಅಂತ ಎತ್ತಿಡಿ, ಮನೆ ಬಾಡಿಗೆಗೂ ಮುಟ್ಟಬೇಡಿ. ಬಿಲ್ಲುಗಳನ್ನು ಐದು ವರ್ಷ ಇಟ್ಟುಕೊಂಡಿರಬೇಕು. ಥರ್ಮಲ್ ಕಾಗದದ ರಸೀತಿ ಬೇಗ ಮಾಸಿ ಬಿಳಿಚಿಕೊಳ್ಳುತ್ತದೆ, ಅವತ್ತೇ ಫೋಟೋ ತೆಗೆದಿಡಿ.

ಮನೆಯ ಅಡುಗೆಮನೆಯಲ್ಲೇ ಮಾಡಿದರೂ ಸ್ಥಳೀಯ ಕೌನ್ಸಿಲ್‌ಗೆ (ನಮ್ಮ ನಗರಸಭೆಯಂಥದ್ದು) ತಿಳಿಸದೆ ಒಂದು ಪೊಟ್ಟಣವನ್ನೂ ಮಾರಬೇಡಿ. ಬಾಡಿಗೆ ಮನೆ ಆದರೆ ಮಾಲೀಕರ ಒಪ್ಪಿಗೆಯನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಪಾಸ್‌ಪೋರ್ಟ್, ಪ್ಯಾನ್, ಮದುವೆ ಸರ್ಟಿಫಿಕೇಟ್ ಮೂರರಲ್ಲೂ ಹೆಸರು ಹೇಗಿದೆ ಅಂತ ಬರೆದು ಕಳಿಸಿ, ಯಾವುದನ್ನು ಮೊದಲು ಸರಿಮಾಡಿಸಬೇಕು ಅಂತ ಹೇಳುತ್ತೇನೆ.