ಪಟ್ಟಿ ಎಷ್ಟು ಬಿಗಿಯಾಗಿರಬೇಕು?

ಮಾನ್ಯರೇ,

ಹೆಸರು, ಊರು ಅಚ್ಚಾಗುವುದು ಬೇಡ ಎಂದು ಪತ್ರದ ಕೊನೆಯಲ್ಲಿ ಎರಡೆರಡು ಗೆರೆ ಎಳೆದು ತಿಳಿಸಿದ್ದೀರಿ. ಹಾಗೆಯೇ ಆಗಲಿ. ಉಳಿದ ಓದುಗರಿಗೆ ವಿಷಯ ತಿಳಿಯಬೇಕಲ್ಲ, ಅದಕ್ಕಾಗಿ ನಿಮ್ಮ ನಾಲ್ಕು ಪುಟಗಳನ್ನು ಕೆಲವೇ ಸಾಲುಗಳಿಗೆ ಇಳಿಸುತ್ತೇನೆ. ನೀವು ಕಿರಿಯ ಆರೋಗ್ಯ ಸಹಾಯಕಿಯಾಗಿ 31 ವರ್ಷ ದುಡಿದು ನಿವೃತ್ತರಾದವರು. ನಿಮ್ಮ ಸೊಸೆ ಆಶಾ ಕಾರ್ಯಕರ್ತೆ. ರಾತ್ರಿ ಹತ್ತೂವರೆಗೆ ಆಕೆ ಮೊಬೈಲನ್ನು ಸಾಂಬಾರ ಡಬ್ಬಿಗೆ ಒರಗಿಸಿ, ತರಬೇತಿಯ ವಿಡಿಯೊ ಓಡಲು ಬಿಟ್ಟು ಪಾತ್ರೆ ತೊಳೆಯುತ್ತಾಳೆ. ವಿಡಿಯೊ ಮುಗಿದೊಡನೆ ಕೈ ಒರೆಸಿಕೊಂಡು ಐದು ಪ್ರಶ್ನೆಗಳಿಗೆ ಉತ್ತರ ಒತ್ತುತ್ತಾಳೆ. ಪ್ರಮಾಣಪತ್ರ ಬಂದುಬಿಡುತ್ತದೆ. ‘ಇದನ್ನು ಕಲಿಕೆ ಎಂದು ಹೊಗಳಿ ಕಳೆದ ಸಂಚಿಕೆಯಲ್ಲಿ ಮೂರು ಪುಟ ಹಾಕಿದ್ದೀರಿ. ನಿಮ್ಮಲ್ಲಿ ಯಾರಾದರೂ ಮೊಬೈಲ್ ನೋಡಿ ಒಂದು ಕೈಕೆಲಸವನ್ನಾದರೂ ಕಲಿತಿದ್ದೀರಾ?’ ಎಂದು ಕೇಳಿದ್ದೀರಿ.

ನಾನಂತೂ ಕಲಿತಿಲ್ಲ. ನಮ್ಮ ಕಚೇರಿಯವರಿಗೆಲ್ಲ ಒಮ್ಮೆ ಬೆಂಕಿ ಸುರಕ್ಷತೆಯ ಪಾಠ ಮೊಬೈಲಿಗೇ ಬಂದಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಮುಗಿಸಿದೆ. ಹತ್ತಕ್ಕೆ ಒಂಬತ್ತು ಅಂಕ. ಕೆಲವು ತಿಂಗಳ ಮೇಲೆ ಯುಪಿಎಸ್ ಇಟ್ಟ ಕೋಣೆಯಿಂದ ಹೊಗೆ ಬಂದಾಗ ಕೆಂಪು ಸಿಲಿಂಡರ್ ಎತ್ತಿಕೊಂಡು ಓಡಿದವನು ಅದರ ಹಿಡಿಕೆಯನ್ನು ಒತ್ತಿದ್ದೇ ಒತ್ತಿದ್ದು! ಪಿನ್ ಕೀಳಬೇಕೆಂದು ನನಗೆ ಗೊತ್ತಿತ್ತು, ಆ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದೆ. ಆದರೆ ಕೈಗೆ ಗೊತ್ತಿರಲಿಲ್ಲ. ಚಹಾ ತರುವ ಹುಡುಗ ಬಂದು ಕಿತ್ತುಕೊಟ್ಟ.

ಇಷ್ಟಾದರೂ ನಿಮ್ಮ ಪತ್ರಕ್ಕೆ ಪೂರ್ತಿ ತಲೆಬಾಗಲಾರೆ. ‘ನಮ್ಮ ಕಾಲದ ಆರು ದಿನದ ತರಬೇತಿ ಸಾಯುವವರೆಗೂ ಮರೆಯುವುದಿಲ್ಲ’ ಎಂದಿದ್ದೀರಿ. ನಿಮಗೆ ಮರೆತಿಲ್ಲ, ಏಕೆಂದರೆ ಮರುದಿನದಿಂದಲೇ ನೀವು ಅದನ್ನು ಮಾಡತೊಡಗಿದಿರಿ. ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಉಳಿಯುತ್ತದೆಂದು ಲೆಕ್ಕವಿಟ್ಟ. ಬಹುಪಾಲು ಮೊದಲ ದಿನವೇ ಸೋರಿಹೋಗುತ್ತಿತ್ತು. ಮತ್ತೆ ಮತ್ತೆ ನೆನಪಿಸುವವರಿದ್ದರೆ ಆ ಸೋರಿಕೆ ನಿಲ್ಲುತ್ತದೆ. ಹಳ್ಳಿಯಲ್ಲಿ ಒಬ್ಬಳೇ ಓಡಾಡುವ ಕಾರ್ಯಕರ್ತೆಗೆ ನೆನಪಿಸುವವರು ಯಾರು?

ಬಿಹಾರದ ಒಂದು ಪ್ರಯೋಗ ಹುಟ್ಟಿದ್ದು ಇಲ್ಲಿಂದ. 2012ರಲ್ಲಿ ಬಿಬಿಸಿ ಮೀಡಿಯಾ ಆಕ್ಷನ್ ಸಂಸ್ಥೆ ಅಲ್ಲಿನ ಆಶಾ ಕಾರ್ಯಕರ್ತೆಯರಿಗಾಗಿ ‘ಮೊಬೈಲ್ ಅಕಾಡೆಮಿ’ ಎಂಬ ಪಾಠ ಸಿದ್ಧಪಡಿಸಿತು. ಅದರಲ್ಲಿ ವಿಡಿಯೊ ಇಲ್ಲ, ಆ್ಯಪ್ ಇಲ್ಲ, ಇಂಟರ್ನೆಟ್ ಬೇಡ. ಗುಂಡಿ ಒತ್ತುವ ಹಳೆಯ ಫೋನಿನಿಂದ ಒಂದು ಸಂಖ್ಯೆಗೆ ಕರೆ ಮಾಡಿದರೆ ‘ಡಾಕ್ಟರ್ ಅನಿತಾ’ ಎಂಬ ಪಾತ್ರ ಮಾತನಾಡುತ್ತದೆ. ಒಟ್ಟು 240 ನಿಮಿಷ, ಸಣ್ಣ ಸಣ್ಣ ಪಾಠಗಳು, ಅಧ್ಯಾಯಕ್ಕೊಂದು ಪ್ರಶ್ನಾವಳಿ. ಕರೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಇದನ್ನು ಕೈಗೆತ್ತಿಕೊಂಡು ಬೇರೆ ರಾಜ್ಯಗಳಿಗೂ ಒಯ್ದಿತು.

ನನಗೆ ಹೆಚ್ಚು ಇಷ್ಟವಾದದ್ದು ಅದರ ಜೊತೆಗಿದ್ದ ‘ಮೊಬೈಲ್ ಕುಂಜಿ’. ಕೀಲಿಗೊಂಚಲಿನಂತೆ ಬಳೆಗೆ ಪೋಣಿಸಿದ 40 ಚಿತ್ರದ ಕಾರ್ಡುಗಳು, ಒಂದೊಂದಕ್ಕೂ ಒಂದು ಸಂಖ್ಯೆ. ಕಾರ್ಯಕರ್ತೆ ಬಸುರಿಯ ಮನೆಗೆ ಹೋಗಿ ಕಾರ್ಡು ತೋರಿಸಿ, ಆ ಸಂಖ್ಯೆ ಒತ್ತಿ ಫೋನನ್ನು ಮುಂದೆ ಹಿಡಿಯುತ್ತಾಳೆ. ಅದೇ ಡಾಕ್ಟರಮ್ಮನ ದನಿ. ಊರಿನ ಹುಡುಗಿಯ ಮಾತಿಗೆ ಮೂಗು ಮುರಿಯುವ ಅತ್ತೆಯೂ ಅದಕ್ಕೆ ಕಿವಿಗೊಡಲಿ ಎಂಬುದು ಇದರ ಹಿಂದಿದ್ದ ಲೆಕ್ಕ. (ಎಲ್ಲ ಅತ್ತೆಯರೂ ನಿಮ್ಮಂತೆ ಆರೋಗ್ಯ ಇಲಾಖೆಯಿಂದ ಬಂದವರಲ್ಲ.) ಇಲ್ಲಿ ಪಾಠ ಬೇರೆ, ಕೆಲಸ ಬೇರೆ ಎಂದಿಲ್ಲ. ಹೇಳುವವಳೂ ಕೇಳಿಸಿಕೊಳ್ಳುತ್ತಾಳೆ, ಮನೆಮನೆಗೆ ಹೋದಂತೆಲ್ಲ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಾಳೆ.

ವಿಡಿಯೊವನ್ನೂ ನೀವು ಅಷ್ಟು ಹಗುರವಾಗಿ ತಳ್ಳಬಾರದು. ನ್ಯುಮೋನಿಯಾ ತಗುಲಿದ ಮಗು ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಜಗ್ಗುತ್ತದೆ. ಆ ‘ಪಕ್ಕೆ ಸೆಳೆತ’ವನ್ನು ತರಗತಿಯಲ್ಲಿ ಹೇಗೆ ತೋರಿಸುತ್ತಿದ್ದರು? ಹಲಗೆಯ ಮೇಲೆ ಚಿತ್ರ ಬರೆದು, ಇಲ್ಲವೇ ಬೋಧಕಿಯೇ ಹೊಟ್ಟೆ ಎಳೆದುಕೊಂಡು. ಅರ್ಧ ನಿಮಿಷದ ವಿಡಿಯೊ ಅದನ್ನು ನಿಜವಾದ ಮಗುವಿನ ಮೈಮೇಲೆ ತೋರಿಸುತ್ತದೆ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಬಾರಿ ಉಸಿರಾಡಿದರೆ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಬಾರಿ ಉಸಿರಾಡಿದರೆ ಅದು ವೇಗದ ಉಸಿರಾಟ ಎಂಬ ಲೆಕ್ಕವನ್ನು ಅಂಗಳದಲ್ಲಿ ನಿಂತು ನೆನಪಿಸಿಕೊಳ್ಳುವುದಕ್ಕಿಂತ ಫೋನಿನಲ್ಲಿ ನೋಡಿಕೊಳ್ಳುವುದೇ ಮೇಲು.

ಆದರೆ ಮಗುವಿನ ತೋಳಿಗೆ ಸುತ್ತಿ ಪೌಷ್ಟಿಕತೆ ಅಳೆಯುವ ಬಣ್ಣದ ಪಟ್ಟಿ ಎಷ್ಟು ಬಿಗಿಯಾಗಿರಬೇಕೆಂದು ವಿಡಿಯೊ ಕಲಿಸಲಾರದು ಎಂದು ನೀವು ಬರೆದದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಇದನ್ನು ನಿಮ್ಮ ಸೊಸೆ ಐದು ಪ್ರಶ್ನೆಗಳಲ್ಲಿ ಸರಿಯಾಗಿಯೇ ಒತ್ತಿರುತ್ತಾಳೆ. ಪಟ್ಟಿಯನ್ನು ತುಸು ಬಿಗಿದರೆ ಗಟ್ಟಿಮುಟ್ಟಾದ ಮಗುವೂ ಕೆಂಪಿಗೆ ಇಳಿಯುತ್ತದೆ, ಸಡಿಲ ಬಿಟ್ಟರೆ ಸೊರಗಿದ ಮಗು ಹಸಿರಿಗೆ ಹೋಗಿ ಎಣಿಕೆಯಿಂದಲೇ ತಪ್ಪಿಹೋಗುತ್ತದೆ. ಹದ ಯಾವುದು ಎಂದು ಹೇಳಲು ಪಕ್ಕದಲ್ಲಿ ಕುಳಿತು ‘ಊಂಹೂಂ, ಇನ್ನೊಮ್ಮೆ’ ಎನ್ನುವವರು ಬೇಕು. ನಮ್ಮ ಲೇಖನ ಈ ಮಾತನ್ನು ಆಡಲೇ ಇಲ್ಲ. ತಪ್ಪು ನಮ್ಮದು.

ಇನ್ನು ರಾತ್ರಿ ಹತ್ತೂವರೆಯ ವಿಷಯ. ನಿಜವಾದ ಜಗಳ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ. ಆಶಾ ಯೋಜನೆ 2005ರಲ್ಲಿ ಆರಂಭವಾದಾಗಿನಿಂದ ಈ ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರು ಎಂದೇ ಕರೆಯಲಾಗಿದೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಕೆಲಸದ ಹೊತ್ತು ಎಂಬುದೇ ಇಲ್ಲದವರ ತರಬೇತಿಯನ್ನು ಎಲ್ಲಿ ತುರುಕಿದರೂ ಕೇಳುವವರಿಲ್ಲ. ತಾಲ್ಲೂಕು ಕೇಂದ್ರಕ್ಕೆ ಕರೆಸಿದರೆ ದಿನಭತ್ಯೆ, ಬಸ್ ಖರ್ಚು, ಊಟ ಕೊಡಬೇಕು. ವಿಡಿಯೊ ಕಳುಹಿಸಿದರೆ ಇದ್ಯಾವುದೂ ಬೇಡ. ಡೇಟಾ ಪ್ಯಾಕ್ ಕೂಡ ನಿಮ್ಮ ಸೊಸೆಯದೇ ಎಂದು ಬರೆದಿದ್ದೀರಿ. ಮೊಬೈಲ್ ತರಬೇತಿ ‘ಅಗ್ಗ’ ಎನ್ನುವವರು ಉಳಿದ ಹಣದ ಲೆಕ್ಕ ಹೇಳುತ್ತಾರೆ, ಅದನ್ನು ತೆತ್ತವರು ಯಾರು ಎಂದು ಹೇಳುವುದಿಲ್ಲ.

ಅದಲ್ಲದೆ, ಕಲಿಸುವ ನೆಪದಲ್ಲಿ ಕೈಗೆ ಬಂದ ಫೋನು ಬಹುಬೇಗ ಎಣಿಸುವ ಯಂತ್ರವಾಗಿಬಿಡುತ್ತದೆ. ಎಷ್ಟು ಜನ ವಿಡಿಯೊ ತೆರೆದರು, ಎಷ್ಟು ಜನ ಮುಗಿಸಿದರು ಎಂಬುದು ಮೇಲಿನವರ ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳಾಗಿ ನಿಲ್ಲುತ್ತದೆ. ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು 2021ರಲ್ಲಿ ಸರ್ಕಾರ ಕೊಟ್ಟ ಮೊಬೈಲುಗಳನ್ನು ಸಾಲುಗಟ್ಟಿ ಹಿಂತಿರುಗಿಸಿದ್ದು ನಿಮಗೆ ನೆನಪಿರಬಹುದು. ಫೋನು ಕಾಯುತ್ತದೆ, ಅದರಲ್ಲಿ ಜಾಗ ಸಾಲದು, ಆ್ಯಪ್ ನಮ್ಮ ಭಾಷೆಯಲ್ಲಿಲ್ಲ ಎಂಬುದು ಅವರ ದೂರಾಗಿತ್ತು. ಅವರನ್ನು ತಂತ್ರಜ್ಞಾನದ ವೈರಿಗಳು ಎಂದು ಕರೆದವರೂ ಇದ್ದರು. ಮನೆಯಲ್ಲಿ ಅದೇ ಹೆಣ್ಣುಮಕ್ಕಳು ದಿನವಿಡೀ ಮೊಬೈಲ್ ಬಳಸುವವರೇ.

ವಿಡಿಯೊ ನೋಡಬೇಡ ಎಂದು ಸೊಸೆಗೆ ಹೇಳಿಬಿಡಲೇ ಎಂದು ಕೊನೆಗೆ ಕೇಳಿದ್ದೀರಿ. ಹೇಳಬೇಡಿ, ಬಾಕಿ ಉಳಿದವರ ಪಟ್ಟಿಯಲ್ಲಿ ಹೆಸರು ಬಂದರೆ ಮೇಲಿನವರಿಗೆ ಉತ್ತರ ಕೊಡಬೇಕಾದವಳು ಆಕೆಯೇ. ಪಾತ್ರೆಯನ್ನು ಆ ಹೊತ್ತಿಗೆ ಮಗ ತೊಳೆಯಲಿ. ನೀವು ಪಕ್ಕದಲ್ಲಿ ಕುಳಿತು ವಿಡಿಯೊವನ್ನು ನಡುನಡುವೆ ನಿಲ್ಲಿಸಿ, ಎಲ್ಲಿ ತಪ್ಪಿದ್ದಾರೆ ಎಂದು ಬಯ್ಯಿರಿ. ನಿಮ್ಮ ಪತ್ರದ ಶೈಲಿ ನೋಡಿದರೆ ಬಯ್ಯುವುದು ನಿಮಗೆ ಕಷ್ಟವಾಗಲಾರದು.

ಇನ್ನೊಂದು ಕೋರಿಕೆ. ಅಳುವ ಮಗುವನ್ನು ತೊಡೆಯ ಮೇಲೆ ಹಿಡಿದು ಪಟ್ಟಿ ಸುತ್ತುವಾಗ ಬಿಗಿ ಸರಿಯಾಗಿದೆ ಎಂದು ನಿಮ್ಮ ಬೆರಳಿಗೆ ಹೇಗೆ ತಿಳಿಯುತ್ತದೆ? ಎರಡು ಪುಟ ಮೀರದಂತೆ ಬರೆದು ಕಳುಹಿಸಿ. 20ನೇ ತಾರೀಖಿನೊಳಗೆ ತಲುಪಿದರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ. ಸಂಭಾವನೆಯನ್ನೂ ಕಳುಹಿಸುತ್ತೇವೆ.

— ಸಂಪಾದಕ