ಸೈಕಿಯಾಟ್ರಿ ಪಿಜಿಗಳ ನಿದ್ದೆ, ಡ್ಯೂಟಿ, ದುಃಖ: ಓದುಗರ ಮೂರು ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇದ್ದವು: ಸೈಕಿಯಾಟ್ರಿ, ಅಂದರೆ ಮನೋರೋಗ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಾ ಡ್ಯೂಟಿ ಮಾಡುವ ಡಾಕ್ಟರ್‌ಗಳು (ಪಿಜಿಗಳು). ಹಾಗಾಗಿ ಒಟ್ಟಿಗೇ ಉತ್ತರ. ಹೆಸರು, ಕಾಲೇಜು ಯಾವುದನ್ನೂ ಹಾಕಿಲ್ಲ.

ಪ್ರಶ್ನೆ: ಬೆಳಗಾವಿಯಲ್ಲಿ ಎಂ.ಡಿ. ಸೈಕಿಯಾಟ್ರಿ ಎರಡನೇ ವರ್ಷ ಓದುತ್ತಿದ್ದೇನೆ. ವಾರ್ಡಿನಲ್ಲಿ ನಾನೇ ನೋಡಿಕೊಂಡಿದ್ದ ಪೇಶೆಂಟ್ ಒಬ್ಬರು ಡಿಸ್ಚಾರ್ಜ್ ಆಗಿ ಸ್ವಲ್ಪ ದಿನಕ್ಕೆ ಆತ್ಮಹತ್ಯೆ ಮಾಡಿಕೊಂಡರು. ಆವತ್ತಿನಿಂದ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಡ್ಯೂಟಿ ಇಲ್ಲದ ರಾತ್ರಿಯೂ ನಿದ್ದೆ ಇಲ್ಲ. ಸೀನಿಯರ್ 'ಈ ಬ್ರಾಂಚ್‌ನಲ್ಲಿ ಇದೆಲ್ಲಾ ಇದ್ದದ್ದೇ' ಅಂದು ಮುಂದೆ ಹೋದರು. ಯಾರಿಗಾದರೂ ತೋರಿಸಬೇಕಾ? ಊರಲ್ಲಿರುವ ಸೈಕಿಯಾಟ್ರಿಸ್ಟ್‌ಗಳು ಒಂದೋ ನನಗೆ ಪಾಠ ಮಾಡಿದವರು, ಇಲ್ಲಾ ನಾಳೆ ಎಕ್ಸಾಮಿನರ್ ಆಗಿ ಬರುವವರು.

ಉತ್ತರ: ತೋರಿಸಿ. ಊರಲ್ಲಿ ಬೇಡ ಅನ್ನಿಸಿದರೆ ಬೇರೆ ಊರಿನವರಿಗೆ ವಿಡಿಯೋದಲ್ಲಿ ತೋರಿಸಿ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಇದಕ್ಕೆ ಅಡ್ಡಿ ಇಲ್ಲ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕೂಡ ದೂರವೇನಲ್ಲ. ನಿಮ್ಮ ವಿಷಯ ಗುಟ್ಟಾಗಿ ಉಳಿಯಬೇಕು ಅನ್ನೋದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂನಲ್ಲೇ ಇದೆ. ಪರೀಕ್ಷೆಗೆ ಆ ಕಾಯ್ದೆಯನ್ನು ಬಾಯಿಪಾಠ ಮಾಡುತ್ತೀರಿ, ಆದರೆ ಅದು ನಮಗೂ ಅನ್ವಯಿಸುತ್ತದೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಜೀವಕ್ಕೆ ಅಪಾಯ ಇದ್ದಾಗಿನಂಥ ಕೆಲವು ಸಂದರ್ಭ ಬಿಟ್ಟರೆ, ನಿಮ್ಮನ್ನು ನೋಡುವ ಡಾಕ್ಟರ್ ನಿಮ್ಮ ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಒಂದು ಮಾತೂ ಹೇಳುವಂತಿಲ್ಲ.

ಇನ್ನು ಆ ಪೇಶೆಂಟ್ ವಿಷಯ. ಡಿಸ್ಚಾರ್ಜ್ ಆದ ಮೊದಲ ಕೆಲವು ವಾರಗಳಲ್ಲಿ ಆತ್ಮಹತ್ಯೆಯ ಅಪಾಯ ಜಾಸ್ತಿ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಆದರೆ ಇಂಥವರೇ ಮಾಡಿಕೊಳ್ಳುತ್ತಾರೆ, ಇಂಥ ದಿನವೇ ಮಾಡಿಕೊಳ್ಳುತ್ತಾರೆ ಅಂತ ಖಚಿತವಾಗಿ ಹೇಳುವ ಸ್ಕೇಲು (ಅಳೆಯುವ ಪ್ರಶ್ನಾವಳಿ) ಯಾವುದೂ ಇಲ್ಲ, ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದವರ ಕೈಯಲ್ಲೂ ಇಲ್ಲ. ಆ ವಾರಗಳಲ್ಲಿ ಫೋನ್ ಮಾಡಿ ವಿಚಾರಿಸುವುದು, ಫಾಲೋಅಪ್‌ಗೆ ಬಾರದವರನ್ನು ಹುಡುಕುವುದು ಇಡೀ ವಿಭಾಗದ ಕೆಲಸ. ಅದನ್ನೆಲ್ಲ ಎರಡನೇ ವರ್ಷದ ಪಿಜಿ ತಲೆ ಮೇಲೆ ಹೊರಿಸಿ, ಆಮೇಲೆ 'ಇದ್ದದ್ದೇ' ಅಂದರೆ ಹೇಗೆ? ನಿಮ್ಮ ಸೀನಿಯರ್ ಹೇಳಿದ್ದು ಸುಳ್ಳಲ್ಲ, ಎಷ್ಟೋ ಸೈಕಿಯಾಟ್ರಿಸ್ಟ್‌ಗಳು ಇದನ್ನು ಕಂಡವರೇ. ಅವರೂ ಒಮ್ಮೆ ಹೀಗೇ ಒಬ್ಬರೇ ನುಂಗಿಕೊಂಡಿರಬೇಕು, ಅದಕ್ಕೇ ಮಾತು ಅಷ್ಟಕ್ಕೇ ನಿಂತಿದೆ ಅಂತ ನನ್ನ ಊಹೆ. ನೀವೇ ನಿಮ್ಮ ಥೀಸಿಸ್ ಗೈಡ್ ಹತ್ತಿರ ಹೋಗಿ, 'ಸರ್, ಈ ಕೇಸನ್ನು ಮೊದಲಿಂದ ಒಮ್ಮೆ ನಿಮ್ಮ ಜೊತೆ ಕೂತು ನೋಡಬೇಕು' ಅಂತ ಕೇಳಿ. ತಪ್ಪು ಯಾರದು ಅಂತ ಹುಡುಕಲಿಕ್ಕಲ್ಲ, ಏನೇನಾಯಿತು ಅಂತ ಜೋರಾಗಿ ಹೇಳಿಕೊಳ್ಳಲಿಕ್ಕೆ. ಮನೆಯವರನ್ನು ಭೇಟಿಯಾಗುವ ಪ್ರಸಂಗ ಬಂದರೆ ಕನ್ಸಲ್ಟೆಂಟ್ ಜೊತೆಗಿರಲಿ. ಹಳೇ ಕೇಸ್‌ಶೀಟ್‌ನಲ್ಲಿ ಈಗ ಒಂದಕ್ಷರವನ್ನೂ ತಿದ್ದಬೇಡಿ. ಆತಂಕದಲ್ಲಿ 'ಇದನ್ನೂ ಬರೆದಿದ್ದರೆ ಚೆನ್ನಾಗಿತ್ತು' ಅಂತ ಕೈ ಹೋಗುತ್ತದೆ, ಅಲ್ವಾ? ಬೇಡ.

ನಿದ್ದೆ ಬರಲಿಲ್ಲ ಅಂತ ಓಪಿಡಿ ಡ್ರಾಯರ್‌ನ ಸ್ಯಾಂಪಲ್ ನಿದ್ದೆ ಮಾತ್ರೆ ಕ್ಲೋನಾಜೆಪಾಮ್ ನುಂಗುವುದೂ ಬೇಡ. ಪೇಶೆಂಟ್ ಹಾಗೆ ಮಾಡಿದ್ದರೆ ಏನು ಬೈಯುತ್ತಿದ್ದಿರೋ ನಿಮಗೇ ಗೊತ್ತು. ಇನ್ನೊಂದು ಮಾತು. ಸಾಯಬೇಕು ಅನ್ನೋ ಯೋಚನೆ ನಿಮಗೇ ಬರುತ್ತಿದ್ದರೆ ಇವತ್ತೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ರಾತ್ರಿ ಒಬ್ಬರೇ ಇರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಅಲ್ಲಿಗೆ ಡಾಕ್ಟರ್‌ಗಳು ಫೋನ್ ಮಾಡಬಾರದು ಅಂತೇನಿಲ್ಲ.

ಪ್ರಶ್ನೆ: ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ, ಕೊನೇ ವರ್ಷದ ಪಿಜಿ, ಡ್ಯೂಟಿ ಲಿಸ್ಟ್ ಹಾಕುವುದು ನಾನೇ. ಪಿಜಿಗಳ ಒತ್ತಡ ಕಡಿಮೆ ಮಾಡಲು ಭಾನುವಾರ ಬೆಳಿಗ್ಗೆ ಯೋಗ ಶಿಬಿರ ಮಾಡೋಣ ಅಂತ ಮೇಲಿನವರು ಹೇಳಿದ್ದಾರೆ. ಇದರಿಂದ ಉಪಯೋಗ ಇದೆಯಾ?

ಉತ್ತರ: ಶನಿವಾರ ರಾತ್ರಿ ಡ್ಯೂಟಿ ಮಾಡಿದವನನ್ನು ಭಾನುವಾರ ಆರಕ್ಕೆ ಎಬ್ಬಿಸಿದರೆ ಅವನು ಮಾಡೋದು ಶವಾಸನ ಒಂದೇ! ಯೋಗ ಒಳ್ಳೇದೇ, ಆದರೆ ಮೊದಲು ಲಿಸ್ಟ್ ಸರಿಯಾಗಲಿ. ವಾರಕ್ಕೆ 48 ತಾಸು ಅಂತ ಕೇಂದ್ರದ ರೆಸಿಡೆನ್ಸಿ ನಿಯಮದಲ್ಲಿ 1992ರಲ್ಲೇ ಬಂದಿದೆ, ಯಾವ ಕಾಲೇಜಿನಲ್ಲಿ ನಡೆಯುತ್ತಿದೆಯೋ ಕಾಣೆ. 2023ರ ಪಿಜಿ ನಿಯಮಾವಳಿಯಲ್ಲಿ ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಇದೆ. ವಾರದ ರಜೆಗೆ 'ಕೆಲಸದ ತುರ್ತು ನೋಡಿಕೊಂಡು' ಅನ್ನೋ ಬಾಲವೂ ಇದೆ, ಎಲ್ಲರೂ ಹಿಡಿಯೋದು ಆ ಬಾಲವನ್ನೇ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಕಾರ್ಯಪಡೆ ವಾರಕ್ಕೆ 74 ತಾಸು ಮೀರಬಾರದು, ಒಂದೇ ಸಮನೆ 24 ತಾಸು ದಾಟಬಾರದು ಅಂದಿತು. ಆ ವರದಿಗಾಗಿ ನಡೆಸಿದ ಆನ್‌ಲೈನ್ ಸರ್ವೆಯಲ್ಲಿ ಎಲ್ಲಾ ಬ್ರಾಂಚ್ ಸೇರಿ 5,337 ಪಿಜಿಗಳು ಉತ್ತರಿಸಿದ್ದರು, ಅವರಲ್ಲಿ ಶೇ 31.2ರಷ್ಟು ಜನ ಆತ್ಮಹತ್ಯೆಯ ಯೋಚನೆ ಬಂದಿತ್ತು ಅಂದಿದ್ದಾರೆ. ತಾವಾಗಿ ಮುಂದೆ ಬಂದು ಉತ್ತರಿಸಿದವರ ಲೆಕ್ಕ ಇದು, ಅಷ್ಟು ಎಚ್ಚರ ಇಟ್ಟುಕೊಂಡೇ ಮೇಲಿನವರ ಮುಂದೆ ಇಡಿ.

ನೈಟ್ ಮುಗಿಸಿದವರಿಗೆ ಮರುದಿನ ಓಪಿಡಿ ಇರಬಾರದು. ವಾರಕ್ಕೊಂದು ತಾಸು ಸೂಪರ್‌ವಿಷನ್ (ಹಿರಿಯರ ಜೊತೆ ಕೂತು ಕೇಸ್‌ಗಳ ಬಗ್ಗೆ ಮಾತಾಡುವುದು) ಲಿಸ್ಟಿನಲ್ಲೇ ಬರಲಿ, ಆ ತಾಸಿನಲ್ಲಿ ಥೀಸಿಸ್ ಮಾತು ಬೇಡ. ಬಾಲಿಂಟ್ ಗ್ರೂಪ್ ಬಗ್ಗೆ ಓದಿರುತ್ತೀರಿ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್, ಎನಿಡ್ ಬಾಲಿಂಟ್ ದಂಪತಿ ಡಾಕ್ಟರ್‌ಗಳನ್ನು ಕೂರಿಸಿಕೊಂಡು ಶುರು ಮಾಡಿದ್ದು. ಒಬ್ಬರು ಒಂದು ಕೇಸ್ ಹೇಳುತ್ತಾರೆ, ಉಳಿದವರು ರೋಗದ ಬದಲು ಆ ಡಾಕ್ಟರ್‌ಗೆ ಆ ಪೇಶೆಂಟ್ ಎದುರು ಏನನ್ನಿಸಿತು ಅಂತ ಮಾತಾಡುತ್ತಾರೆ. ಇದಕ್ಕೆ ಬೇಕಾಗೋದು ಒಂದು ಕೋಣೆ, ಬಾಯಿ ಬಿಗಿ ಹಿಡಿಯುವ ಒಬ್ಬ ಹಿರಿಯರು. ಹಾಗೇ ಕ್ಯಾಶುವಾಲ್ಟಿಯಲ್ಲಿ ಸೈಕಿಯಾಟ್ರಿ ಪಿಜಿ ಕೂರುವ ಕುರ್ಚಿ ಬಾಗಿಲ ಕಡೆಗೆ ಇದೆಯಾ ನೋಡಿ, ಯಾರಾದರೂ ಮೈಮೇಲೆ ಬಂದರೆ ಎದ್ದು ಹೊರಗೆ ಹೋಗಲು ಆಗಬೇಕು. ಕುಡಿತ ಬಿಟ್ಟು ಡೆಲಿರಿಯಂನಲ್ಲಿ (ಎಲ್ಲಿದ್ದೇವೆ ಅನ್ನೋ ಪರಿವೆ ತಪ್ಪಿದ ಸ್ಥಿತಿಯಲ್ಲಿ) ಬಂದವರನ್ನು ಮೊದಲ ವರ್ಷದವರು ಒಬ್ಬರೇ ನೋಡುವ ಪದ್ಧತಿ ಇದ್ದರೆ ನಿಲ್ಲಿಸಿ. ಇಷ್ಟಾದ ಮೇಲೆ ಯೋಗಕ್ಕೆ ಜನ ತಾವೇ ಬರಬಹುದು.

ಪ್ರಶ್ನೆ: ಮಗಳಿಗೆ ವಿಜಯಪುರದಲ್ಲೇ ಸೈಕಿಯಾಟ್ರಿ ಸೀಟು ಸಿಕ್ಕಿದೆ. ಹುಚ್ಚರ ಜೊತೆ ಇದ್ದರೆ ಅವಳಿಗೂ ತಲೆ ಕೆಡುತ್ತದೆ ಅಂತ ಬೀಗರು ಹೇಳುತ್ತಿದ್ದಾರೆ. ಬೇರೆ ಬ್ರಾಂಚ್ ತಗೋ ಅನ್ನಲಾ?

ಉತ್ತರ: ಬೇಡ. ಮನೋರೋಗ ಅಂಟುವ ಕಾಯಿಲೆ ಅಲ್ಲ. ನಿದ್ದೆಗೆಟ್ಟರೆ ಯಾವ ಬ್ರಾಂಚಿನವರಿಗಾದರೂ ತಲೆ ಕೆಡುತ್ತದೆ. ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಊಟ ಕೊಟ್ಟು ಮಲಗಲು ಬಿಡಿ, ಅವತ್ತೇ ನೆಂಟರ ಮದುವೆಗೆ ಎಳೆದುಕೊಂಡು ಹೋಗಬೇಡಿ. ಬೀಗರಿಗೆ ನಾನೇ ಫೋನಿನಲ್ಲಿ ಹೇಳಬೇಕಾದರೆ ಬರೆಯಿರಿ, ಹೇಳುತ್ತೇನೆ.